ಹೆಸರು ಯಾರ ಪಾಲಿಗೆ?

ನನ್ನ ಕೆಲಸ ಕಂಪನಿ ಮಾರಿಸೋದು ಅಂದ್ರೆ "ಓ, ಬ್ರೋಕರ್ರಾ!" ಅಂತ ನಗ್ತಾರೆ. ಇರಲಿ ಬಿಡಿ :) ತೀರಾ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಮನೆತನದ ಕಂಪನಿಗಳಲ್ಲಿ ರೇಟು ಕುದುರಿಸೋದು ಅರ್ಧ ಕೆಲಸ ಅಷ್ಟೇ. ಮಾರ್ತಿರೋದು ಏನನ್ನ ಅಂತ ಗೆರೆ ಎಳೆಯೋದು ಉಳಿದರ್ಧ. ಇದಕ್ಕೆ ನಮ್ಮ ಬೆಂಗಳೂರಿನ ಎಂಟಿಆರ್ ಕತೆಯೇ ಒಳ್ಳೇ ಪಾಠ. (ಆ ವ್ಯವಹಾರದಲ್ಲಿ ನಾನಿರಲಿಲ್ಲ, ಮೊದಲೇ ಹೇಳಿಬಿಡ್ತೀನಿ.)

1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು ಶುರುಮಾಡಿದ ಹೋಟೆಲ್ಲು ಅದು. ಎಮರ್ಜೆನ್ಸಿ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆಗೆ ಕಡಿವಾಣ ಹಾಕಿತು. ಆ ಬೆಲೆಗೆ ಆ ರುಚಿ ಕೊಡೋಕಾಗದೆ ಹೋಟೆಲ್ ಮುಚ್ಚಿದರು. ಕೆಲಸದವರು ಬೀದಿಗೆ ಬೀಳದಿರಲಿ ಅಂತ ಪುಡಿ, ಮಿಕ್ಸುಗಳನ್ನ ಪೊಟ್ಟಣ ಕಟ್ಟಿ ಮಾರತೊಡಗಿದರು. ಹೋಟೆಲ್ ಮತ್ತೆ ತೆರೆಯಿತು, ಪೊಟ್ಟಣವೂ ಬೆಳೆಯಿತು. ಮುಂದೆ ಕುಟುಂಬದೊಳಗೇ ಎರಡೂ ಬೇರೆಬೇರೆಯಾದವು. 2007ರಲ್ಲಿ ಸದಾನಂದ ಮಯ್ಯರು ಪೊಟ್ಟಣದ ಕಂಪನಿಯನ್ನ ನಾರ್ವೆಯ ಓರ್ಕ್ಲಾಗೆ ಮಾರಿದರು.

ಓರ್ಕ್ಲಾ ಕೊಂಡದ್ದೇನು ಹೇಳಿ? ಮೆಷಿನ್ನು ಯಾರು ಬೇಕಾದರೂ ಕೊಳ್ಳಬಹುದು. ಕೊಂಡದ್ದು ಮುಖ್ಯವಾಗಿ ಹೆಸರನ್ನ. ಆದರೆ ಅದೇ ಹೆಸರು ಲಾಲ್‌ಬಾಗ್ ರಸ್ತೆಯ ಹೋಟೆಲ್ ಬೋರ್ಡಿನ ಮೇಲೂ ಇದೆ, ಅದು ಕುಟುಂಬದ ಕೈಯಲ್ಲೇ ಉಳಿಯಿತು! ಇಂಥ ಕಡೆ ಯಾವ ಪದಾರ್ಥಕ್ಕೆ, ಎಲ್ಲಿ, ಯಾರಿಗೆ ಆ ಹೆಸರಿನ ಹಕ್ಕು ಅಂತ ಬಿಡಿಸಿ ಬರೆಯದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಕೋರ್ಟು ತಪ್ಪಿದ್ದಲ್ಲ.

ಇನ್ನು, ಮಾರಿದವನೇ ನಾಳೆ ಪಕ್ಕದಲ್ಲಿ ಅಂಗಡಿ ಇಟ್ಟರೆ? 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ "ವ್ಯಾಪಾರ ಮಾಡಬೇಡ" ಅನ್ನೋ ಒಪ್ಪಂದ ಅಸಿಂಧು. ಆದರೆ ಗುಡ್‌ವಿಲ್ ಮಾರಿದವನಿಗೆ ವಿನಾಯಿತಿ ಇಟ್ಟಿದ್ದಾರೆ. ಗೊತ್ತುಪಡಿಸಿದ ಪ್ರದೇಶದಲ್ಲಿ ಅಂಥದೇ ವ್ಯಾಪಾರ ಮಾಡಲ್ಲ ಅಂತ ಅವನು ಒಪ್ಪಬಹುದು, ಆ ಮಿತಿ ಕೋರ್ಟಿಗೆ ಸರಿ ಅನ್ನಿಸಬೇಕು ಅಷ್ಟೇ. ಹೆಸರು ಮಾರಬಹುದು, ಕೈಗುಣ ಮಾರೋಕಾಗಲ್ಲ ನೋಡಿ. ಸದಾನಂದ ಮಯ್ಯರು ಮುಂದೆ 'ಮಯ್ಯಾಸ್' ಕಟ್ಟಿದರು.

ಮಾರೋಕೆ ಬಂದವರು ಮೊದಲು ಕೇಳೋದು "ಎಷ್ಟು ಬರುತ್ತೆ ಸಾರ್?" ನಾನು ಕೇಳೋದು "ಮಾರಿದ ಮೇಲೆ ಏನು ಮಾಡ್ತೀರಿ?" ಅಪ್ಪನ ಹೆಸರೇ ಬ್ರಾಂಡ್ ಆಗಿರೋ ಮನೆಯವರು ಈ ಪ್ರಶ್ನೆಗೆ ಮುಖಮುಖ ನೋಡಿಕೊಳ್ತಾರೆ. ನಾಳೆ ಮಗ ತನ್ನ ಮನೆತನದ ಹೆಸರಲ್ಲಿ ಒಂದು ಬೋರ್ಡು ಹಾಕಬಹುದೋ ಇಲ್ಲವೋ ಅನ್ನೋದು ಆ ಕಾಗದದ ಒಂದು ಸಾಲಲ್ಲಿದೆ. ಎಷ್ಟು ಕೋಟಿ ಅನ್ನೋದು ಆಮೇಲಿನ ಮಾತು.

ನಿಮ್ಮೂರಲ್ಲೂ ಇಂಥ ಹೆಸರಿನ ಕತೆಗಳಿದ್ದರೆ ಬರೀರಿ, ಓದೋಣ.