ಲೆಕ್ಕಕ್ಕೆ ಸಿಗದ ನಷ್ಟ

ನಮ್ಮ ಮುತ್ತಿನಕೊಪ್ಪದ ಕಡೆ ಸುರಿದ ಮಳೆ ತುಂಗೆಗೋ ಭದ್ರೆಗೋ ಇಳಿಯುತ್ತದೆ. ಕೂಡಲಿಯಲ್ಲಿ ಎರಡೂ ಒಂದಾಗಿ, ಕರ್ನೂಲಿನ ಆಚೆ ಕೃಷ್ಣೆಗೆ ಬಿದ್ದು, ಕೊನೆಗೆ ಆಂಧ್ರದ ದಿವಿಸೀಮೆಯಲ್ಲಿ ಸಮುದ್ರ ಸೇರುತ್ತದೆ. ಆ ದಿವಿಸೀಮೆಗೆ 1977ರ ನವೆಂಬರ್ 19ರಂದು ಚಂಡಮಾರುತ ಅಪ್ಪಳಿಸಿತು. ಸುಮಾರು 5 ಮೀಟರ್ ಎತ್ತರದ ಅಲೆ ಗುಡಿಸಲು, ದನಕರು, ಮಕ್ಕಳು ಎಲ್ಲವನ್ನೂ ಬಳಿದುಕೊಂಡು ಹೋಯಿತು. ಸರಕಾರದ ಲೆಕ್ಕದಲ್ಲೇ ಸತ್ತವರು ಸುಮಾರು 10,000.

ಪ್ರಕೃತಿಗೆ ಜಾತಿಯಿಲ್ಲ ಅಂತ ಭಾಷಣ ಬಿಗಿಯುತ್ತಾರೆ. ಗಾಳಿಗೆ ಇಲ್ಲ, ನಿಜ. ಗಾಳಿ ಬೀಸುವ ಊರಿಗೆ ಇದೆಯಲ್ಲ! ಪೀಟರ್ ವಿಂಚೆಸ್ಟರ್ ಎಂಬ ಸಂಶೋಧಕ ಕೃಷ್ಣಾ ಕಡಲಂಚಿನಲ್ಲಿ ಅಧ್ಯಯನ ಮಾಡಿ ಎರಡು ಬಗೆಯ ಸಂಸಾರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಒಂದು ಇಟ್ಟಿಗೆ ಮನೆ, ಲಾರಿ ಇರುವ ಸಂಸಾರ. ರೇಡಿಯೋದಲ್ಲಿ ಎಚ್ಚರಿಕೆ ಕೇಳಿ ಸಾಮಾನು ಹೇರಿಕೊಂಡು ಹೊರಟುಹೋಯಿತು. ಇನ್ನೊಂದು ಕೂಲಿ ಗಂಡಹೆಂಡಿರ ಗುಡಿಸಲು. ಅವರ ಕಿರಿಕೂಸು ನೀರುಪಾಲು. ನೀರಿಳಿದ ಮೇಲೆ ಮೊದಲಿನವನು ಕೂಡಿಟ್ಟ ಹಣದಲ್ಲಿ ಮನೆ ಕಟ್ಟಿದ, ಎತ್ತು ಕೊಂಡ. ಕೂಲಿಯವನು ಬಡ್ಡಿ ಸಾಲದವನ ಬಾಗಿಲಿಗೆ ಹೋದ. ಚಂಡಮಾರುತ ಒಂದು ರಾತ್ರಿಯದು, ಬಡ್ಡಿ ಎಷ್ಟು ವರ್ಷದ್ದು?

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಣದ ಹೆಣಗಳನ್ನು ಎತ್ತಲು ಬೇರೆ ಊರುಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಎತ್ತಿದವರು ದಲಿತರು. ಅದೇ ಹೊತ್ತಿಗೆ ಪರಿಹಾರ ಶಿಬಿರಗಳಿಂದ ದಲಿತರನ್ನು ಹೊರಗಟ್ಟಿದ್ದು, ಕುಡಿಯುವ ನೀರಿನ ಟ್ಯಾಂಕು ಮುಟ್ಟಗೊಡದೇ ಇದ್ದದ್ದು ಮಾನವ ಹಕ್ಕು ಸಂಘಟನೆಗಳ ವರದಿಯಲ್ಲಿದೆ. ದೋಣಿ ಇದ್ದವನಿಗೆ ದೋಣಿಯ ಪರಿಹಾರ. ಬುಟ್ಟಿಯಲ್ಲಿ ಮೀನು ಹೊತ್ತವಳು ಏನು ತೋರಿಸಬೇಕು?

ಇದನ್ನೆಲ್ಲ ಓದಿಕೊಂಡಿದ್ದೂ ನಾವು ತಪ್ಪು ಮಾಡಿದೆವು. 2019ರ ಆಗಸ್ಟ್. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿತ್ತು. ಮುತ್ತಿನಕೊಪ್ಪದಲ್ಲಿ ಮನೆಮನೆ ತಿರುಗಿ ಅಕ್ಕಿ, ಕಂಬಳಿ, ಮೇಣದಬತ್ತಿ ಕೂಡಿಸಿ ಆ ದಿಕ್ಕಿಗೆ ಟೆಂಪೋ ಹೊರಡಿಸಿದ್ವಿ. (ಹೆಚ್ಚು ಕೊಟ್ಟದ್ದು ಕೇರಿಯವರೇ; ಸೇರಿನಲ್ಲಿ ಅಲ್ಲ, ಪಾವಿನಲ್ಲಿ.) ಡಾಂಬರು ಮುಗಿದಲ್ಲಿ ಗಾಡಿ ನಿಂತಿತು. ರಸ್ತೆ ಬದಿ ಇದ್ದವರು ಬಂದರು, ಕೈ ಚಾಚಿದರು, ಮುಕ್ಕಾಲು ಪಾಲು ಅಲ್ಲೇ ಖಾಲಿ. ಫೋಟೋ ಬೇರೆ ತೆಗೆಸಿಕೊಂಡ್ವಿ. ಒಳಗೆ ತೋಟದ ಲೈನ್ ಮನೆಗಳಿವೆ ಅಂತ ಗೊತ್ತಾದದ್ದು ವಾಪಸು ಹೊರಟಾಗ.

ಮಾರನೇ ವಾರ ನಡೆದೇ ಹೋದ್ವಿ. ಆ ವರ್ಷ ಸರಕಾರ ತುರ್ತಿಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಕಡಿಮೆ ಹಣವೇನಲ್ಲ. ಆದರೆ ಲೈನಿನ ಗೋಡೆ ತೋಟದ ಮಾಲೀಕನದು, ಸೂರೂ ಅವನದೇ. ಒಳಗೆ ಬದುಕಿದವರ ಕೈಯಲ್ಲಿ ಹಕ್ಕುಪತ್ರವಿಲ್ಲ. ಬಿದ್ದ ಮನೆ ಅವರದಲ್ಲ ಅಂದಮೇಲೆ ಕಾಗದದ ಪ್ರಕಾರ ಅವರ ಮನೆ ಬಿದ್ದೇ ಇಲ್ಲ!

ಆವತ್ತಿಂದ ಅಕ್ಕಿಗಿಂತ ಮೊದಲು ಒಂದು ನೋಟ್ ಪುಸ್ತಕ ಇಟ್ಟುಕೊಳ್ಳುತ್ತೇವೆ. ಡಾಂಬರು ಮುಗಿದ ಮೇಲಿನ ಕೊನೇ ಮನೆಯಿಂದ ಬರೆಯಲು ಶುರು. ಅರ್ಜಿ ಬರೆಯಲು ಬರದವರಿಗೆ ಅಲ್ಲೇ ಕೂತು ಬರೆದುಕೊಡುವುದು. ಮೇಷ್ಟ್ರುಗಳು ಇದಕ್ಕೆ ಕೈಗೂಡಿಸಿದರೆ ಸಲೀಸು.

ಮೊದಲ ಪುಟದಲ್ಲಿ ಒಬ್ಬ ಅಜ್ಜಿ ಹೇಳಿದ್ದು ಹಾಗೇ ಇದೆ. ಏನೇನು ಹೋಯ್ತಜ್ಜಿ ಅಂತ ಕೇಳಿದ್ವಿ. "ಬರ್ಕೊಳಿ. ಎರಡು ಕೋಳಿ. ಒಂದು ಕಂಬಳಿ. ಒಂಬತ್ತು ದಿನದ ಕೂಲಿ" ಅಂದಳು. ಆಮೇಲೆ, "ಕೂಲೀನೂ ಬರೀತೀರಾ?" ಅಂತ ಕೇಳಿದಳು.