ಬಾನೆಟ್ ಎತ್ತಿದರೆ ಬೇರೆಯೇ ಕಥೆ: ಹಳೇ ಜೀಪಿನಲ್ಲಿ ಅಸಲಿ ಯಾವುದು?

ಕೊಡಚಾದ್ರಿಗೋ ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೋ ಹೋದವರಿಗೆ ಜೀಪಿನ ಪರಿಚಯ ಮಾಡಿಸಬೇಕಿಲ್ಲ. ಆದರೆ ಆ ಜೀಪುಗಳ ಅಜ್ಜ ಮಲೆನಾಡಿನ ಎಷ್ಟೋ ಮನೆಗಳ ಕೊಟ್ಟಿಗೆ ಪಕ್ಕದಲ್ಲಿ, ಟಾರ್ಪಾಲಿನ ಅಡಿಯಲ್ಲಿ ನಿಂತಿದೆ. ಈಗ ಅದನ್ನು ಮನೆಯಲ್ಲೇ ಬಿಚ್ಚಿ ಸರಿಮಾಡುವ ಹುಮ್ಮಸ್ಸು ಊರಿನ ಹುಡುಗರಿಗೆ ಬಂದಿದೆ. ಎಲ್ಲರೂ ಮೊದಲು ಕೇಳುವುದು ಒಂದೇ: ಇದು 'ಒರಿಜಿನಲ್' ಹೌದೋ ಅಲ್ಲವೋ? ಉತ್ತರ ಬೇಕಾದರೆ ಜೀಪು ಹುಟ್ಟಿದ ದಿನದಿಂದ ಶುರು ಮಾಡಬೇಕು.

1940ರಲ್ಲಿ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕಿತ್ತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅಷ್ಟರಲ್ಲೇ ಮಾಡಿಕೊಟ್ಟಿತು. ಪಾಪ, ದೊಡ್ಡ ಆರ್ಡರ್ ಹೋಗಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಈ ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು.

ಸೈನ್ಯದ ಷರತ್ತು ಏನೆಂದರೆ, ಒಂದು ಕಂಪನಿಯ ಸಾಮಾನು ಇನ್ನೊಂದರ ಜೀಪಿಗೆ ಕೂರಬೇಕು. ಫೋರ್ಡ್ ಅದಕ್ಕೆ ಒಪ್ಪಿತು, ಆದರೆ ತಾನು ಮಾಡಿದ ಬಿಡಿಭಾಗಗಳ ಮೇಲೆ, ಬೋಲ್ಟಿನ ತಲೆಯ ಮೇಲೂ, ಇಂಗ್ಲಿಷಿನ 'ಎಫ್' ಅಕ್ಷರ ಒತ್ತಿ ಕಳಿಸಿತು. ಹಾಗಾಗಿ ಯುದ್ಧಕಾಲದ ವಿಲ್ಲೀಸ್ ಜೀಪಿನಲ್ಲಿ ಎಫ್ ಗುರುತಿನ ಬೋಲ್ಟ್ ಕಂಡರೆ ಗಾಬರಿಯಾಗಬೇಕಿಲ್ಲ. ಸೈನ್ಯದ ವರ್ಕ್‌ಶಾಪುಗಳಲ್ಲೇ ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹಾಕಿ ಓಡಿಸಿದ್ದಾರೆ. ಕಲಬೆರಕೆ ಶುರುವಾಗಿದ್ದು ನಮ್ಮೂರ ಗ್ಯಾರೇಜಿನಲ್ಲಲ್ಲ.

ರಿಪೇರಿಯ ಯೋಚನೆ ಈ ಗಾಡಿಯ ರಚನೆಯಲ್ಲೇ ಇತ್ತು. ಚಾಸಿ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿ ನಾಲ್ಕಾರು ಜನ ಹಿಡಿದರೆ ಬಾಡಿ ಎತ್ತಿ ಪಕ್ಕಕ್ಕಿಡಬಹುದು. ಹೆಡ್‌ಲೈಟಿನ ಚಿಟ್ಟೆ ನಟ್ ಸಡಿಲಿಸಿ ಲೈಟನ್ನು ಹಿಂದಕ್ಕೆ ತಿರುಗಿಸಿದರೆ ಬೆಳಕು ನೇರ ಎಂಜಿನ್ ಮೇಲೆ ಬೀಳುತ್ತದೆ. ಕತ್ತಲಲ್ಲಿ ಕೆಟ್ಟು ನಿಂತವನ ಕಷ್ಟ ಗೊತ್ತಿದ್ದ ಯಾರೋ ಮಾಡಿದ ಕೆಲಸ ಅದು.

1945ರಲ್ಲಿ ವಿಲ್ಲೀಸ್ ಕಂಪನಿ ಸಿಜೆ-2ಎ ಎಂಬ ಜೀಪನ್ನು ಮಾರುಕಟ್ಟೆಗೆ ತಂದಿತು. ಗಿರಾಕಿ ಯಾರು ಗೊತ್ತೇ? ರೈತರು. ಉಳಲು, ಹಿಂದೆ ಶಾಫ್ಟ್ ಜೋಡಿಸಿ ಯಂತ್ರ ತಿರುಗಿಸಲು ಈ ಜೀಪು ಸಾಕು ಎಂದು ಕಂಪನಿ ಪ್ರಚಾರ ಮಾಡಿತು. ಭಾರತಕ್ಕೆ ಜೀಪು ಬಂದದ್ದು ಎರಡು ದಾರಿಯಲ್ಲಿ. ಯುದ್ಧ ಮುಗಿದ ಮೇಲೆ ಸೈನ್ಯ ವಿಲೇವಾರಿ ಮಾಡಿದ 'ಡಿಸ್ಪೋಸಲ್' ಗಾಡಿಗಳು ಒಂದು. ಬಿಡಿಭಾಗ ತರಿಸಿ ಮುಂಬೈಯಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿದ್ದು ಇನ್ನೊಂದು. (ನಡುವೆ ಒಂದು ಹಗರಣವೂ ಆಯಿತು. 1948ರಲ್ಲಿ ಸೈನ್ಯಕ್ಕೆ 2,000 ಹಳೇ ರಿಪೇರಿ ಜೀಪು ಕೊಳ್ಳುವ ಒಪ್ಪಂದವಾಗಿ, ಬಂದಿಳಿದ 155 ಜೀಪುಗಳು ಕೆಲಸಕ್ಕೆ ಬಾರದವಾಗಿದ್ದವು.)

ಗ್ಯಾರೇಜಿನವರು ಹೇಳುವ 'ಲೋ ಬಾನೆಟ್', 'ಹೈ ಬಾನೆಟ್' ಎಂಬ ವ್ಯತ್ಯಾಸವೂ ಇಲ್ಲಿಂದಲೇ ಬಂದದ್ದು. ಮೊದಲಿನ 2.2 ಲೀಟರ್ ಪೆಟ್ರೋಲ್ ಎಂಜಿನ್ನಿನ ವಾಲ್ವುಗಳೆಲ್ಲ ಬ್ಲಾಕಿನಲ್ಲಿದ್ದವು. ಶಕ್ತಿ ಹೆಚ್ಚಿಸಲು ಗಾಳಿ-ಪೆಟ್ರೋಲ್ ಒಳಬರುವ ವಾಲ್ವುಗಳನ್ನು ಹೆಡ್ಡಿಗೆ ಒಯ್ದರು, ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಏರಿತು. 1953ರ ಸಿಜೆ-3ಬಿ ಅದೇ. ಅಮೆರಿಕದಲ್ಲಿ ಅದು ನಿಂತುಹೋದ ಮೇಲೂ ಇಲ್ಲಿ ಬಹಳ ಕಾಲ ತಯಾರಾಯಿತು.

ಈಗ ಡೀಸೆಲ್ ವಿಷಯಕ್ಕೆ ಬರೋಣ, ನಮ್ಮ ಜೀಪುಗಳ ನಿಜವಾದ ಇತಿಹಾಸ ಇರುವುದು ಇಲ್ಲೇ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದಂತಾಯಿತು. ಡೀಸೆಲ್ ಅಗ್ಗ. ತೋಟದವರು ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದರು. ಕಂಪನಿಯೇ ಮುಂದೆ ಡೀಸೆಲ್ ಜೀಪು ಮಾಡಿತು, ಅದರಲ್ಲಿ ಪ್ಯೂಜೋ ವಿನ್ಯಾಸದ ಎಂಜಿನ್ನಿನ ಜೀಪುಗಳು ಹೆಸರುವಾಸಿ. ಹಳೇ ಜೀಪಿಗೆ ಮಾತ್ರ ಕೆಲಸ ಮಾಡಿಕೊಟ್ಟಿದ್ದು ಊರಿನ ಲೇತ್ ಮತ್ತು ವೆಲ್ಡಿಂಗ್ ಅಂಗಡಿ.

ಕೆಲಸ ಸುಲಭದ್ದಲ್ಲ. ಹೊಸ ಎಂಜಿನ್ನಿಗೂ ಹಳೇ ಗೇರ್‌ಬಾಕ್ಸಿಗೂ ನಡುವೆ ದಪ್ಪ ಪ್ಲೇಟು ಕೊರೆಯಬೇಕು; ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಬೇರಿಂಗ್ ಹೋಗುತ್ತದೆ. 6 ವೋಲ್ಟಿನ ವೈರಿಂಗ್ ತೆಗೆದು 12 ವೋಲ್ಟಿನದು ಎಳೆಯಬೇಕು. ಹಳೇ ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು 7 ಪಟ್ಟು ಒತ್ತುತ್ತದೆ, ಡೀಸೆಲ್ 17-20 ಪಟ್ಟು. ಅಷ್ಟು ತಡೆಯಲು ಅದು ದಪ್ಪ ಕಬ್ಬಿಣದ್ದೇ ಆಗಬೇಕು. ಭಾರಕ್ಕೆ ಮುಂದಿನ ಪಟ್ಟಿ ಬಗ್ಗುತ್ತದೆ, ನಡುಕಕ್ಕೆ ಚಾಸಿ ಬಿರುಕು ಬಿಡುತ್ತದೆ.

ಇನ್ನೊಂದು ಪೇಚು ವೇಗದ್ದು. ಸಿಜೆ ಜೀಪಿನ ಆಕ್ಸಲ್‌ನಲ್ಲಿ ಶಾಫ್ಟ್ 5.38 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ನಿಮಿಷಕ್ಕೆ 4,000 ಸುತ್ತು ಹೋಗುವ ಪೆಟ್ರೋಲ್ ಎಂಜಿನ್ನಿಗೆ ಇದು ಹೊಂದುತ್ತದೆ. ನಿಧಾನದ ಟ್ರ್ಯಾಕ್ಟರ್ ಡೀಸೆಲ್ ಕೂರಿಸಿದರೆ ಜೀಪು ಗುಡ್ಡ ಏರುತ್ತದೆ, ರಸ್ತೆಯಲ್ಲಿ ಮಾತ್ರ ತೆವಳುತ್ತದೆ. ಅದಕ್ಕೇ ಕ್ರೌನ್-ಪಿನಿಯನ್ ಬದಲಿಸಿದರು, ಮೂರು ಗೇರಿನ ಜಾಗಕ್ಕೆ ನಾಲ್ಕು ಗೇರಿನದು ತಂದರು.

ಇಷ್ಟೆಲ್ಲ ಮಾಡಿದ ಎಷ್ಟೋ ಜನ ಬ್ರೇಕ್ ಹಾಗೇ ಬಿಟ್ಟರು. ಹಳೇ ಜೀಪಿನದು 9 ಇಂಚಿನ ಡ್ರಮ್, ಬೂಸ್ಟರ್ ಇಲ್ಲ. ಭಾರದ ಎಂಜಿನ್, ಹಿಂದೆ ಗೊಬ್ಬರದ ಚೀಲ, ಮುಂದೆ ಘಾಟಿಯ ಇಳಿಜಾರು. ಎಂಜಿನ್ ಬದಲಿಸಿದ್ದನ್ನು ನಾವು ತಪ್ಪೆನ್ನುವುದಿಲ್ಲ, ಬ್ರೇಕ್ ಮರೆತದ್ದನ್ನು ಖಂಡಿತ ತಪ್ಪೆನ್ನುತ್ತೇವೆ.

ಕಾನೂನಿನ ಲೆಕ್ಕ ಬೇರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಕೆಲಸಕ್ಕೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸಲು ಮಾತ್ರ. ಅಂದರೆ 50 ವರ್ಷ ಅಡಿಕೆ, ಕಾಫಿ ಹೊತ್ತು ಬದುಕಿದ ಡೀಸೆಲ್ ಜೀಪಿಗೆ ಆ ಗೌರವವಿಲ್ಲ. ಶೆಡ್ಡಿನಲ್ಲಿ ಸುಮ್ಮನೆ ನಿಂತದ್ದಕ್ಕೆ ಇದೆ.

ಹಾಗೆಂದು ಮನಸ್ಸಿಗೆ ಬಂದಂತೆ ಕತ್ತರಿಸುವಂತೆಯೂ ಇಲ್ಲ. ಕಂಪನಿ ನಮೂದಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಒಳಗೆ ಡೀಸೆಲ್ ಇದ್ದರೆ ತೊಂದರೆ ಮಾಲೀಕನಿಗೇ. ಹಳೇ ಜೀಪು ಕೊಳ್ಳುವವರು ಬಣ್ಣ ನೋಡುವ ಮೊದಲು ಎಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಪುಸ್ತಕದ ಜತೆ ಹೋಲಿಸಿ.

ಮನೆಯಲ್ಲಿ ಬಿಚ್ಚಲು ಕೂತವರಿಗೆ ನಮ್ಮದೊಂದು ಕೋರಿಕೆ. ಬಣ್ಣ ಒಮ್ಮೆಲೇ ಉಜ್ಜಿ ತೆಗೆಯಬೇಡಿ. ಒಂದು ಮೂಲೆಯಲ್ಲಿ ಪದರ ಪದರವಾಗಿ ಕೆರೆದು ಫೋಟೋ ತೆಗೆಯಿರಿ, ಅಡಿಯಲ್ಲಿ ಸೈನ್ಯದ ಹಸಿರು ಸಿಕ್ಕೀತು. ಹಳೇ ವೆಲ್ಡಿಂಗ್, ಲೇತಿನ ಪ್ಲೇಟು, ಎಫ್ ಬೋಲ್ಟು ಎಲ್ಲವನ್ನೂ ಬರೆದಿಡಿ. ಆ ಪ್ಲೇಟು ಕೊರೆದ ಮೇಸ್ತ್ರಿ ಇನ್ನೂ ಇದ್ದರೆ, ಹೇಗೆ ಸೆಂಟರ್ ಹಿಡಿದಿರಿ ಎಂದು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಬ್ರೇಕ್ ಡ್ರಮ್ ಬಿಚ್ಚಿ.