ಗಡಿ ದಾಟುವ ಕಾಗದಗಳು: ನೆಲದ ದಾರಿ, ನೀರಿನ ದಾರಿ

ಮುಕ್ತಿನಾಥಕ್ಕೆ ಬಸ್ಸಿನಲ್ಲಿ ಹೊರಟ ಕನ್ನಡಿಗ ಯಾತ್ರಿಕರಿಗೆ ಸುನೌಲಿಯ ಗಡಿಯಲ್ಲಿ ಮತದಾರರ ಗುರುತಿನ ಚೀಟಿ ಸಾಕು. ಅದೇ ಚೀಟಿ ಹಿಡಿದು ಪೆಟ್ರಾಪೋಲ್‌ನಲ್ಲಿ ಬಾಂಗ್ಲಾದೇಶಕ್ಕೆ ಕಾಲಿಡುವಂತಿಲ್ಲ. ಅಲ್ಲಿ ಪಾಸ್‌ಪೋರ್ಟೂ ಬೇಕು, ವೀಸಾವೂ ಬೇಕು. ವಿಮಾನಯಾನ ಬಹುಮಟ್ಟಿಗೆ ಒಂದೇ ಪದ್ಧತಿಯನ್ನು ಜಗತ್ತಿಗೆಲ್ಲ ತಂದಿತು. ನೆಲದ, ನೀರಿನ ದಾರಿಗಳಲ್ಲಿ ಮಾತ್ರ ಪ್ರತಿ ಬಾಗಿಲಿಗೂ ಅದರದೇ ಚರಿತ್ರೆ, ಅದರದೇ ಕಾಗದ.

ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿಂದ ಹೊರಹೋಗುವವರಿಗೆ ಪಾಸ್‌ಪೋರ್ಟ್ ಕಡ್ಡಾಯವಿರಲಿಲ್ಲ. ಆಗಲೂ ಗುರುತು ಹೊತ್ತು ಹೋಗಬೇಕಾಗಿದ್ದವರು ಕೂಲಿಗಳು. ಸಿಲೋನಿನ ತೋಟಗಳಿಗೆ ಹೋಗುತ್ತಿದ್ದ ತಮಿಳು ಕಾರ್ಮಿಕರಿಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಖ್ಯೆ ಕೊರೆದ ತಗಡಿನ ಬಿಲ್ಲೆ ಕೊಡುತ್ತಿದ್ದರು. ಯಾವ ತೋಟಕ್ಕೆ ಸೇರಿದ ಆಳು ಎಂಬುದನ್ನು ಆ ಸಂಖ್ಯೆ ಹೇಳುತ್ತಿತ್ತು. ಭಾರತದಲ್ಲಿ ಪಾಸ್‌ಪೋರ್ಟ್ ಕಾನೂನು ಬಂದದ್ದು 1920ರಲ್ಲಿ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಸೇರಿದ ರಾಷ್ಟ್ರಸಂಘದ ಸಮ್ಮೇಳನ 32 ಪುಟಗಳ ಪುಸ್ತಿಕೆಯನ್ನು ಮಾದರಿಯಾಗಿ ಸೂಚಿಸಿತು.

ದೇಶ ವಿಭಜನೆ ಈ ಪುಸ್ತಿಕೆಯನ್ನು ಬಡವರ ಮನೆಬಾಗಿಲಿಗೆ ತಂದು ನಿಲ್ಲಿಸಿತು. ಪಶ್ಚಿಮದ ಗಡಿಯಲ್ಲಿ 1948ರಲ್ಲೇ ಪರ್ಮಿಟ್ ಪದ್ಧತಿ ಬಂತು. ಬಂಗಾಳದಲ್ಲಿ 1952ರ ಅಕ್ಟೋಬರ್‌ವರೆಗೂ ಜನ ಹಿಂದಿನಂತೆಯೇ ಓಡಾಡಿಕೊಂಡಿದ್ದರು. ಆಮೇಲೆ ಅಲ್ಲಿಯೂ ಪಾಸ್‌ಪೋರ್ಟ್, ವೀಸಾ ಕಡ್ಡಾಯವಾದವು. ಭಾರತ, ಪಾಕಿಸ್ತಾನಗಳ ನಡುವೆ ಮಾತ್ರ ಸಲ್ಲುವ ವಿಶೇಷ ಪಾಸ್‌ಪೋರ್ಟೂ ಹುಟ್ಟಿಕೊಂಡಿತು. ಹೊಳೆಯಾಚೆ ಹೊಲ, ಈಚೆ ಮನೆ ಇದ್ದವರಿಗೆ ಇದು ಎಂಥ ಸಂಕಟವೆಂದು ದೂರದ ರಾಜಧಾನಿಗಳು ಯೋಚಿಸಿದಂತೆ ಕಾಣುವುದಿಲ್ಲ. ಎಲ್ಲರಿಗಿಂತ ಹೆಚ್ಚು ನೊಂದವರು ಕೂಚ್ ಬಿಹಾರದ ಸುತ್ತಲಿನ ತುಂಡು ನೆಲಗಳ ನಿವಾಸಿಗಳು. ಬಾಂಗ್ಲಾದೇಶದ ಒಳಗೆ ಭಾರತದ 111 ತುಂಡುಗಳು, ಭಾರತದ ಒಳಗೆ ಬಾಂಗ್ಲಾದೇಶದ 51 ಇದ್ದವು. ಸಂತೆಗೆ, ಆಸ್ಪತ್ರೆಗೆ ಹೋಗಬೇಕೆಂದರೂ ಅವರು ಅಂತರರಾಷ್ಟ್ರೀಯ ಗಡಿ ದಾಟಬೇಕಿತ್ತು. ಪಾಸ್‌ಪೋರ್ಟ್ ಮಾಡಿಸಲು ಕಚೇರಿಗೆ ಹೋಗುವುದಕ್ಕೂ ಗಡಿಯನ್ನೇ ದಾಟಬೇಕಿತ್ತು! 2015ರ ಜುಲೈ 31ರ ನಡುರಾತ್ರಿ ನೆಲದ ವಿನಿಮಯವಾದ ಮೇಲಷ್ಟೇ ಈ ಗಂಟು ಬಿಚ್ಚಿತು.

ಉತ್ತರದ ಕಥೆ ಬೇರೆ. 1950ರ ಒಪ್ಪಂದದ ನೆರಳಿನಲ್ಲಿ ಭಾರತ-ನೇಪಾಳದ 1,751 ಕಿ.ಮೀ. ಗಡಿ ತೆರೆದೇ ಉಳಿದಿದೆ. ನೇಪಾಳ, ಭೂತಾನ್ ಪ್ರಯಾಣಕ್ಕೆ ಮತದಾರರ ಚೀಟಿ ಅಥವಾ ಪಾಸ್‌ಪೋರ್ಟ್ ನಡೆಯುತ್ತದೆ. 15 ದಾಟದ ಮಕ್ಕಳಿಗೂ 65 ದಾಟಿದ ಹಿರಿಯರಿಗೂ ಆಧಾರ್ ಆಗುತ್ತದೆ ಎಂದು ಗೃಹ ಸಚಿವಾಲಯ 2019ರಲ್ಲಿ ತಿಳಿಸಿತು. ಟಿಬೆಟ್‌ನ ಬಾಗಿಲು ಹಾಗೆ ಉಳಿಯಲಿಲ್ಲ. 1954ರ ಭಾರತ-ಚೀನಾ ಒಪ್ಪಂದ ಗಡಿ ಜಿಲ್ಲೆಗಳ ಸಣ್ಣ ವ್ಯಾಪಾರಿಗಳಿಗೆ ಪಾಸ್‌ಪೋರ್ಟ್, ವೀಸಾಗಳಿಂದ ವಿನಾಯಿತಿ ಕೊಟ್ಟಿತ್ತು. ಅದು 1962ರಲ್ಲಿ ಕೊನೆಗೊಂಡಿತು. ಇಂದು ಲಿಪುಲೇಖ್ ಕಣಿವೆಯ ಮೂಲಕ ಮಾನಸಸರೋವರಕ್ಕೆ ನಡೆಯುವವರಿಗೆ ಪಾಸ್‌ಪೋರ್ಟ್ ಇಲ್ಲದೆ ದಾರಿಯಿಲ್ಲ.

ಕಾಗದವನ್ನು ಬೇಕೆಂದೇ ಬದಲಿಸಿದ ನಿದರ್ಶನವೂ ಇದೆ. 2005ರ ಏಪ್ರಿಲ್‌ನಲ್ಲಿ ಶ್ರೀನಗರ-ಮುಜಫರಾಬಾದ್ ಬಸ್ ಹೊರಟಾಗ ಪಾಸ್‌ಪೋರ್ಟ್ ಬದಲು ಪ್ರವೇಶ ಪರವಾನಗಿ ಬಳಸಿದರು. ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದರೆ ನಿಯಂತ್ರಣ ರೇಖೆಯನ್ನೇ ಅಂತರರಾಷ್ಟ್ರೀಯ ಗಡಿಯೆಂದು ಒಪ್ಪಿದಂತಾಗುತ್ತಿತ್ತು. ಮನಸ್ಸಿದ್ದರೆ ಸರ್ಕಾರಗಳು ಜನರಿಗೆ ಹೊಂದುವ ಕಾಗದ ಹುಡುಕಬಲ್ಲವು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿಲ್ಲ.

ಕಡಲಿನ ಮೇಲೆ ಕಾಗದ ಇನ್ನಷ್ಟು ತೊಡಕಿನದು. ಹಜ್ ಯಾತ್ರಿಕರಿಗೆ ಬಹುಕಾಲ ಪ್ರತ್ಯೇಕ ಯಾತ್ರಾ ಪಾಸ್ ಇತ್ತು. ಮುಂಬೈ-ಜೆಡ್ಡಾ ಹಡಗು 1995ರಲ್ಲಿ ನಿಂತಿತು, ಮುಂದೆ ಪಾಸ್ ಹೋಗಿ ಪಾಸ್‌ಪೋರ್ಟ್ ಬಂತು. ಹಡಗಿನ ನೌಕರರಿಗೆ ಮಾತ್ರ ಪಾಸ್‌ಪೋರ್ಟ್ ಒಂದೇ ಸಾಲದು. ಮಂಗಳೂರು, ಉಡುಪಿ ಕಡೆಯಿಂದ ಹಡಗು ಸೇರುವ ಹುಡುಗರ ಕೈಯಲ್ಲಿ ಸಿಡಿಸಿ (ಕಂಟಿನ್ಯೂಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್) ಇರಲೇಬೇಕು. ಯಾವ ಹಡಗಿನಲ್ಲಿ ಎಷ್ಟು ಕಾಲ ದುಡಿದರೆಂಬ ದಾಖಲೆ ಅದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1958ರಲ್ಲಿ ನಾವಿಕರ ಗುರುತುಪತ್ರಕ್ಕೆಂದೇ ಒಡಂಬಡಿಕೆ ರೂಪಿಸಿತು. ಅಮೆರಿಕದ ಮೇಲೆ 2001ರಲ್ಲಿ ನಡೆದ ದಾಳಿಯ ಬಳಿಕ 2003ರಲ್ಲಿ ಬಯೋಮೆಟ್ರಿಕ್ ಸೇರಿಸಿ ಅದನ್ನು ಬಿಗಿಗೊಳಿಸಿತು. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿ, 2019ರಲ್ಲಿ ಮುಖಚಹರೆ ಆಧರಿಸಿದ ಗುರುತುಪತ್ರ ಹೊರತಂದಿತು. ಬಂದರಿನಲ್ಲಿ ಕೆಲಹೊತ್ತು ದಡಕ್ಕಿಳಿಯಲು ನಾವಿಕರಿಂದ ವೀಸಾ ಕೇಳಬಾರದು ಎನ್ನುವುದು ಆ ಒಡಂಬಡಿಕೆಯ ಜೀವಾಳ. ತಿಂಗಳುಗಟ್ಟಲೆ ಕಬ್ಬಿಣದ ಮೇಲೆ ನಡೆದವರಿಗೆ ನಾಲ್ಕು ಗಂಟೆ ನೆಲ ತುಳಿಯುವುದೆಂದರೆ ಔಷಧಿಯೇ ಸರಿ. ಭದ್ರತೆಗೆಂದು ಕೇಳಿದ ಗುರುತನ್ನೆಲ್ಲ ನಾವಿಕರು ಕೊಟ್ಟಿದ್ದಾರೆ. ಆದರೆ ಅಮೆರಿಕ ಈ ಒಡಂಬಡಿಕೆಗೆ ಸೇರಿಲ್ಲ. ಹ್ಯೂಸ್ಟನ್‌ನಲ್ಲಿ ಲಂಗರು ಹಾಕಿದ ಹಡಗಿನ ನಾವಿಕರ ಬಳಿ ಅಮೆರಿಕದ ವೀಸಾ ಇಲ್ಲದಿದ್ದರೆ ಹಡಗಿನಲ್ಲೇ ಉಳಿಯಬೇಕು.